ಮಾರುವವನಿಗೆ ದಾರಿ, ಪರೀಕ್ಷಿಸುವವನಿಗೆ ಬೀಗ

1960ರ ದಶಕದ ಆರಂಭದ ಒಂದು ದಿನ. ಟೆಲ್ ಅವೀವ್‌ನಿಂದ ರೆಹೊವೊತ್ ಊರಿಗೆ ಹೊರಟಿದ್ದ ಬಸ್ಸಿನಲ್ಲಿ ಜನ ಮೂಗರಳಿಸಿ ಅಕ್ಕಪಕ್ಕ ನೋಡತೊಡಗಿದರು. ಘಾಟು ವಾಸನೆ, ಎಲ್ಲಿಂದ ಬರುತ್ತಿದೆಯೋ ಗೊತ್ತಾಗದು. ಅದು ಬರುತ್ತಿದ್ದದ್ದು ಮೂವತ್ತು ದಾಟಿದ್ದ ರಸಾಯನ ವಿಜ್ಞಾನಿ ರಾಫೆಲ್ ಮೆಕೋಲಮ್ ಅವರ ಚೀಲದಿಂದ. ಒಳಗಿದ್ದದ್ದು ಲೆಬನಾನಿನಿಂದ ಕಳ್ಳದಾರಿಯಲ್ಲಿ ಬಂದು ಪೊಲೀಸರ ಕೈಗೆ ಸಿಕ್ಕಿದ್ದ ಐದು ಕಿಲೋ ಹಶೀಶ್. ಅವರು ಕೆಲಸ ಮಾಡುತ್ತಿದ್ದ ವೈಜ್‌ಮನ್ ಸಂಸ್ಥೆಯ ಆಡಳಿತಾಧಿಕಾರಿ ಪೊಲೀಸ್ ಇಲಾಖೆಯ ಪರಿಚಯಸ್ಥರೊಬ್ಬರಿಗೆ ಫೋನ್ ಮಾಡಿದ್ದರು. ಆಸಾಮಿ ನಂಬಿಗಸ್ತನೇ ಎಂದು ಆ ಕಡೆಯವರು ಕೇಳಿದರು, ಹೌದೆಂದು ಈ ಕಡೆಯವರು ಹೇಳಿದರು. ಮೆಕೋಲಮ್ ಹೋಗಿ, ಕಾಫಿ ಕುಡಿದು, ರಸೀದಿಗೆ ಸಹಿ ಹಾಕಿ ಮಾಲು ತಂದರು.

ಆಮೇಲೆ ತಿಳಿದದ್ದು ಏನೆಂದರೆ, ಕೊಟ್ಟ ಪೊಲೀಸರೂ ತಂದ ವಿಜ್ಞಾನಿಯೂ ಕಾನೂನು ಮುರಿದಿದ್ದರು. ಅನುಮತಿ ಕೊಡಬೇಕಾದದ್ದು ಆರೋಗ್ಯ ಸಚಿವಾಲಯ. ಮೆಕೋಲಮ್ ಹೋಗಿ ಕ್ಷಮೆ ಕೇಳಿದರು, ಮುಂದಿನ ಸಲದಿಂದ ಸಚಿವಾಲಯದ ಮೂಲಕವೇ ತರಿಸಿಕೊಂಡರು. 1963ರಲ್ಲಿ ಅವರ ತಂಡ ಗಾಂಜಾ ಗಿಡದ ಸಿಬಿಡಿ ಎಂಬ ಅಣುವಿನ ರಚನೆ ಬಿಡಿಸಿತು. 1964ರಲ್ಲಿ ಅಮಲೇರಿಸುವ ಅಣು ಟಿಎಚ್‌ಸಿಯನ್ನು ಬೇರ್ಪಡಿಸಿತು. 1992ರಲ್ಲಿ, ಮನುಷ್ಯನ ಮಿದುಳೇ ತಯಾರಿಸುವ, ಟಿಎಚ್‌ಸಿಯಂತೆಯೇ ಕೆಲಸ ಮಾಡುವ ಇನ್ನೊಂದು ಅಣುವನ್ನು ಅದೇ ತಂಡ ಕಂಡುಹಿಡಿದು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟಿತು. ಹೆಸರಿನ ಮೊದಲರ್ಧ ನಮ್ಮದೇ ‘ಆನಂದ’.

ಹೆಸರು ಕೊಟ್ಟ ನಾಡಿನಲ್ಲಿ ಇವತ್ತು ಒಬ್ಬ ನರರೋಗ ತಜ್ಞನಿಗೆ ಪರೀಕ್ಷೆಗೆಂದು ಐದು ಗ್ರಾಂ ಬೇಕಾದರೆ ಎಷ್ಟು ಬಾಗಿಲು ಬಡಿಯಬೇಕು? ವೈದ್ಯಕೀಯ ಗಾಂಜಾ ಕುರಿತ ಚರ್ಚೆಯೆಲ್ಲ ‘ಬಿಡಬೇಕೇ, ನಿಷೇಧಿಸಬೇಕೇ’ ಎಂಬ ಎರಡು ದಡಗಳ ನಡುವೆ ಬಡಿದಾಡುತ್ತಿರುವಾಗ ಈ ಸಣ್ಣ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಕೇಳುವ ಹಕ್ಕು ಭಾರತಕ್ಕೆ ಉಳಿದೆಲ್ಲರಿಗಿಂತ ಹೆಚ್ಚು. ಆಧುನಿಕ ವೈದ್ಯಶಾಸ್ತ್ರ ಗಾಂಜಾವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ್ದು ಮೊದಲು ಕಲ್ಕತ್ತೆಯಲ್ಲೇ. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನ ಶಾಸ್ತ್ರ ಕಲಿಸುತ್ತಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಒಶಾನೆಸ್ಸಿ ಊರಿನ ವೈದ್ಯರನ್ನು, ಹಕೀಮರನ್ನು ವಿಚಾರಿಸಿ, ಮೊದಲು ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪ್ರಯೋಗಿಸಿ, 1839ರಲ್ಲಿ ತನ್ನ ಪ್ರಬಂಧವನ್ನು ಮಂಡಿಸಿದ. ಸಂಧಿವಾತ, ಧನುರ್ವಾಯು, ಕಾಲರಾ, ಹುಚ್ಚುನಾಯಿ ಕಡಿತ, ಹೀಗೆ ಕೈಗೆ ಸಿಕ್ಕ ಕಾಯಿಲೆಗೆಲ್ಲ ಕೊಟ್ಟು ನೋಡಿದ್ದ. ಕೆಲವಕ್ಕೆ ಏನೂ ಆಗಲಿಲ್ಲ. ನೋವು, ಸೆಳೆತಗಳು ತಗ್ಗಿದವು. ಅವನ ರೋಗಿಗಳಲ್ಲಿ ಒಬ್ಬಳು ಹುಟ್ಟಿ ನಲವತ್ತು ದಿನವಾಗಿದ್ದ ಹೆಣ್ಣುಕೂಸು. ಮೇಲಿಂದ ಮೇಲೆ ಬರುತ್ತಿದ್ದ ಫಿಟ್ಸ್‌ಗೆ ಮದ್ಯಸಾರದಲ್ಲಿ ಕರಗಿಸಿದ ಗಾಂಜಾದ ಹನಿಗಳನ್ನು ಕೊಟ್ಟ. ಕೂಸು ಚೇತರಿಸಿಕೊಂಡಿತು. ಇದೇ ಒಶಾನೆಸ್ಸಿ ಮುಂದೆ ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆದ. ತಂತಿಯ ಸುದ್ದಿ ಶಾಲಾ ಪುಸ್ತಕಗಳಲ್ಲಿ ಉಳಿಯಿತು, ಹನಿಗಳ ಸುದ್ದಿ ಉಳಿಯಲಿಲ್ಲ.

ಅದಾಗಿ ಅರ್ಧ ಶತಮಾನಕ್ಕೆ, ಗಾಂಜಾ ಸೇದಿದವರಿಂದ ಭಾರತದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂಬ ಗುಲ್ಲು ಲಂಡನ್ನಿನ ಸಂಸತ್ತಿನವರೆಗೆ ಮುಟ್ಟಿತು. 1893–94ರಲ್ಲಿ ಒಂದು ಆಯೋಗ ಕೂತು 1,193 ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳ ವರದಿ ಕೊಟ್ಟಿತು. ಆಸ್ಪತ್ರೆಯ ದಾಖಲೆಗಳಲ್ಲಿ ‘ಕಾರಣ: ಗಾಂಜಾ’ ಎಂದು ಬರೆದಿದ್ದ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಬಹುಪಾಲಿಗೆ ಆಧಾರವೇ ಇರಲಿಲ್ಲ. ಬೇರೆ ಕಾರಣ ಗೊತ್ತಾಗದಿದ್ದಾಗ ಆ ಕಾಲಂ ತುಂಬಲು ಗಾಂಜಾ ಒದಗುತ್ತಿತ್ತು, ಅಷ್ಟೆ. ಪೂರ್ತಿ ನಿಷೇಧ ಬೇಡ. ಲೈಸೆನ್ಸ್ ಕೊಡಿ, ತೆರಿಗೆ ಹಾಕಿ, ಅಂಕೆಯಲ್ಲಿಡಿ ಎಂದು ಆಯೋಗ ಸಲಹೆ ಮಾಡಿತು. ಹೆದರಿಕೆಯ ಮಾತನ್ನು ಎಣಿಕೆಯ ಎದುರು ತಂದು ನಿಲ್ಲಿಸಿದ ವರದಿ ಅದು. ನೂರ ಮೂವತ್ತು ವರ್ಷಗಳ ನಂತರವೂ ಈ ವಿಷಯದಲ್ಲಿ ಆ ಮಟ್ಟದ ಇನ್ನೊಂದು ವಿಚಾರಣೆ ನಮ್ಮಲ್ಲಿ ನಡೆದಿಲ್ಲ.

ಕಟ್ಟುನಿಟ್ಟಿನ ಕಾಲ ಬಂದದ್ದು 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದದಿಂದ. ಭಾರತ ಅಲ್ಲಿ ಚೌಕಾಸಿ ಮಾಡಿ ಎರಡು ರಿಯಾಯಿತಿ ಪಡೆಯಿತು. ಭಂಗಿ ಸೊಪ್ಪು ಹೊರಗುಳಿಯಬೇಕು, ಗಾಂಜಾ ಬಳಕೆ ನಿಲ್ಲಿಸಲು 25 ವರ್ಷ ಕಾಲಾವಕಾಶ ಬೇಕು. ಗಡುವು ಮುಗಿಯುತ್ತ ಬಂದಾಗ, 1985ರಲ್ಲಿ, ಎನ್‌ಡಿಪಿಎಸ್ ಕಾಯ್ದೆ ಹುಟ್ಟಿತು. ಆ ಕಾಯ್ದೆ ಗಿಡವನ್ನು ಕಸಾಯಿಯವನಂತೆ ಭಾಗ ಮಾಡಿ ನೋಡುತ್ತದೆ. ಹೂಬಿಟ್ಟ ತುದಿ ಎಂದರೆ ಗಾಂಜಾ. ಬೇರ್ಪಡಿಸಿದ ರಾಳ, ಕಚ್ಚಾ ಇರಲಿ ಶುದ್ಧೀಕರಿಸಿದ್ದಿರಲಿ, ಚರಸ್. ಗಾಢಗೊಳಿಸಿದ ಎಣ್ಣೆಯೂ ಚರಸ್ಸೇ. ಹೂವಿನ ಜೊತೆ ಇರದ ಎಲೆ ಮತ್ತು ಬೀಜ ಇದಾವುದೂ ಅಲ್ಲ. ಒಂದು ಕಿಲೋವರೆಗಿನ ಗಾಂಜಾ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಚರಸ್ಸಿಗೆ ಅದೇ ಲೆಕ್ಕ 100 ಗ್ರಾಂ ಮತ್ತು ಒಂದು ಕಿಲೋ. ವಾಣಿಜ್ಯ ಪ್ರಮಾಣವೆಂದರೆ ಕನಿಷ್ಠ ಹತ್ತು ವರ್ಷ ಜೈಲು.

ಸ್ವಾರಸ್ಯದ ಸಂಗತಿ ಇದು. ಇದೇ 1985ರಲ್ಲಿ, ನಮ್ಮ ಕಾಯ್ದೆಗಿಂತ ಕೆಲವೇ ತಿಂಗಳು ಮುಂಚೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡ್ರೊನಾಬಿನಾಲ್ ಎಂಬ ಔಷಧವನ್ನು ಒಪ್ಪಿತು. ಕಿಮೊಥೆರಪಿಯ ನಂತರ ವಾಂತಿ ನಿಲ್ಲದ ಕ್ಯಾನ್ಸರ್ ರೋಗಿಗಳಿಗೆಂದು ಗುಳಿಗೆ ರೂಪದಲ್ಲಿ ಬಂದ, ಪ್ರಯೋಗಾಲಯದಲ್ಲೇ ತಯಾರಾದ ಟಿಎಚ್‌ಸಿ ಅದು. ಅಂದರೆ ವೈದ್ಯಶಾಸ್ತ್ರ ಅಣುವಿನ ಭಾಷೆ ಮಾತಾಡತೊಡಗಿದ ವರ್ಷವೇ ನಮ್ಮ ಕಾನೂನು ಎಲೆ-ಹೂವು-ಅಂಟಿನ ಭಾಷೆಯಲ್ಲಿ ಬರೆಯಲ್ಪಟ್ಟಿತು. ವೈದ್ಯ ಕೇಳುವುದು ‘ಸಿಬಿಡಿ ಎಷ್ಟು ಮಿಲಿಗ್ರಾಂ, ಟಿಎಚ್‌ಸಿ ಎಷ್ಟು?’ ಎಂದು. ಕಾನೂನು ಕೇಳುವುದು ‘ಇದು ಎಲೆಯೋ, ಹೂವೋ?’ ಎಂದು. ಅಮಲೇರಿಸದ ಶುದ್ಧ ಸಿಬಿಡಿಯನ್ನು ಹೂವಿನಿಂದ ತೆಗೆದರೆ ಅದು ಚರಸ್ಸಿನ ವ್ಯಾಖ್ಯೆಯೊಳಗೆ ಸಿಕ್ಕಿಬೀಳುವ ಭಯ. ಎಲೆಯಿಂದ ತೆಗೆದರೆ ದಾರಿ ಸಲೀಸು. ಅಣು ಒಂದೇ.

ಈ ಅಂಗಾಂಗ ಲೆಕ್ಕ ಎಂಥ ತಮಾಷೆಗೆ ಎಡೆಮಾಡುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾ ಇಟ್ಟುಕೊಂಡಿದ್ದನೆಂದು ಬಂಧಿತನಾಗಿದ್ದ ವ್ಯಕ್ತಿಗೆ ಕರ್ನಾಟಕ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಜಾಮೀನು ಕೊಟ್ಟಿತು. ಭಂಗಿಯು ಎನ್‌ಡಿಪಿಎಸ್ ಕಾಯ್ದೆಯಡಿ ನಿಷೇಧಿತ ಪಾನೀಯವಲ್ಲ, ಉತ್ತರ ಭಾರತದ ಲಸ್ಸಿ ಅಂಗಡಿಗಳಲ್ಲೇ ಸಿಗುತ್ತದೆ ಎಂದು ಕೋರ್ಟ್ ಗಮನಿಸಿತು. ಕಾನೂನಿನ ಅಕ್ಷರಕ್ಕೆ ತಕ್ಕ ಆದೇಶ. ಆದರೆ ಆ 29 ಕಿಲೋದಲ್ಲಿ ಟಿಎಚ್‌ಸಿ ಎಷ್ಟಿತ್ತು ಎಂಬ ಪ್ರಶ್ನೆಯನ್ನು ಕಾಯ್ದೆ ಕೇಳುವುದೇ ಇಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗುವ ಹಳೆಯ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಕಬ್ಬಿನ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಗಿಡ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಅಪರಿಚಿತವಾಗಿರುವುದು ಅದರ ಮಾಪನ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. 1985ರ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಯನ್ನು ನಿಷೇಧಿಸಿಲ್ಲ. 8ನೇ ಸೆಕ್ಷನ್ನಿನಲ್ಲೇ ಅದಕ್ಕೆ ವಿನಾಯಿತಿ ಇದೆ. ಗಾಂಜಾ ಬೆಳೆಗೆ ಅನುಮತಿ ಕೊಟ್ಟು ನಿಯಂತ್ರಿಸುವ ಅಧಿಕಾರವನ್ನು 10ನೇ ಸೆಕ್ಷನ್ ರಾಜ್ಯಗಳಿಗೇ ಕೊಟ್ಟಿದೆ. ಚರಸ್ಸನ್ನು ಮಾತ್ರ ಹೊರಗಿಟ್ಟಿದೆ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು 14ನೇ ಸೆಕ್ಷನ್ ಇದೆ. ಹಾಗಾದರೆ ತೊಡಕೇನು? ಕಾಯ್ದೆಯಲ್ಲಿ ‘ಮಾಡಬಹುದು’ ಎಂದಿರುವುದಕ್ಕೂ ಕಚೇರಿಯಲ್ಲಿ ಅರ್ಜಿ ಮುಂದಕ್ಕೆ ಸರಿಯುವುದಕ್ಕೂ ನಡುವೆ ಒಂದು ಹೊಳೆ ಹರಿಯುತ್ತದೆ. ಆ ಹೊಳೆಯಲ್ಲಿ ಯಾರು ಮುಳುಗುತ್ತಾರೆ ಎಂಬುದನ್ನು ಭಾರತ ಒಮ್ಮೆ ಕಂಡಿದೆ.

ಅದು ಮಾರ್ಫಿನ್ ಕಥೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಕೇಂದ್ರ ಮಾದಕ ವಸ್ತು ಬ್ಯೂರೋದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜೀಪುರದ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ, ಹೊರದೇಶಗಳಿಗೆ ಕಳಿಸುತ್ತವೆ. ಜಗತ್ತಿನ ಗಾಯಗಳಿಗೆ ಮುಲಾಮು ಒದಗಿಸುವ ದೇಶ. ಆದರೆ 1985ರ ಕಾಯ್ದೆ ಬಂದ ಹನ್ನೆರಡು ವರ್ಷಗಳಲ್ಲಿ ಭಾರತದೊಳಗಿನ ಮಾರ್ಫಿನ್ ಬಳಕೆ ಶೇ 97ರಷ್ಟು ಕುಸಿಯಿತು. ನೋವು ಕುಸಿಯಲಿಲ್ಲ. ಮಾರ್ಫಿನ್ ಇಡಬೇಕಾದ ಆಸ್ಪತ್ರೆ ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸ್ ತರಬೇಕಿತ್ತು. ಅವೆಲ್ಲವೂ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಯಾರಿಗೆ ಬೇಕು ಈ ಉಸಾಬರಿ ಎಂದು ಆಸ್ಪತ್ರೆಗಳು, ಔಷಧಿ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ವೈದ್ಯ ಎಂ.ಆರ್. ರಾಜಗೋಪಾಲ್ ಮತ್ತವರ ಒಡನಾಡಿಗಳು ವರ್ಷಗಟ್ಟಲೆ ದೆಹಲಿಗೆ ಎಡತಾಕಿದ ಮೇಲೆ, 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್ ಸೇರಿ ಆರು ಔಷಧಗಳನ್ನು ‘ಅಗತ್ಯ ಮಾದಕ ಔಷಧ’ಗಳೆಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಒಂದೇ ಇಲಾಖೆಯ ಅನುಮತಿ ಸಾಕು ಎಂದಾಯಿತು. ಆ ಮೂರು ದಶಕಗಳಲ್ಲಿ ಕೂಗಿ ಕೂಗಿ ಪ್ರಾಣ ಬಿಟ್ಟ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿಲ್ಲ.

ಗಾಂಜಾ ಸಂಶೋಧನೆಯ ಲೈಸೆನ್ಸಿನ ಬಗ್ಗೆ ಮಾತಾಡುವವರು ಈ ಕಥೆಯಿಂದಲೇ ಶುರುಮಾಡಬೇಕು.

ಕಡತದ ಕಾಟ ನಮ್ಮೊಬ್ಬರದೇ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲಿ 1968ರಿಂದ ಅರ್ಧ ಶತಮಾನ ಕಾಲ ಸಂಶೋಧನೆಗೆ ಗಾಂಜಾ ಬೆಳೆಯುವ ಅನುಮತಿ ಇದ್ದದ್ದು ಒಂದೇ ಒಂದು ಸಂಸ್ಥೆಗೆ, ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ. ಲೈಲ್ ಕ್ರೇಕರ್ ಎಂಬ ಸಸ್ಯವಿಜ್ಞಾನದ ಪ್ರಾಧ್ಯಾಪಕರು ಮ್ಯಾಸಚೂಸೆಟ್ಸ್‌ನಲ್ಲಿ ಇನ್ನೊಂದು ತೋಟ ಮಾಡುತ್ತೇನೆಂದು 2001ರಲ್ಲಿ ಅರ್ಜಿ ಹಾಕಿದರು. ಆರು ವರ್ಷದ ನಂತರ ಆಡಳಿತಾತ್ಮಕ ನ್ಯಾಯಾಧೀಶರು ಕೊಡಿ ಎಂದು ಶಿಫಾರಸು ಮಾಡಿದರು. 2009ರಲ್ಲಿ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಆಗದು ಎಂದಿತು. 2014ರ ಜನವರಿ 1ರಿಂದ ಕೊಲೊರಾಡೊದಲ್ಲಿ ವಯಸ್ಕರು ಯಾರು ಬೇಕಾದರೂ ಅಂಗಡಿಗೆ ಹೋಗಿ ಗಾಂಜಾ ಕೊಳ್ಳಬಹುದಿತ್ತು. ಅದೇ ಅಂಗಡಿಯ ಮಾಲನ್ನು ವಿಜ್ಞಾನಿ ಪರೀಕ್ಷೆಗೆ ಬಳಸುವಂತಿರಲಿಲ್ಲ! ಯುದ್ಧದಿಂದ ಮರಳಿದ ಸೈನಿಕರ ಮಾನಸಿಕ ಆಘಾತಕ್ಕೆ ಗಾಂಜಾ ಉಪಯೋಗವೇ ಎಂದು ನೋಡಹೊರಟ ಅರಿಜೋನಾದ ವೈದ್ಯೆ ಸೂ ಸಿಸ್ಲಿಗೆ ಸರ್ಕಾರಿ ತೋಟದಿಂದ ಬಂದದ್ದು ಕಡ್ಡಿ ಬೆರೆತ ಹಸಿರು ಪುಡಿ, ಕೆಲವದರಲ್ಲಿ ಬೂಷ್ಟು. ಆಕೆ ಕೋರ್ಟಿಗೆ ಹೋದರು. ಹೊಸ ಬೆಳೆಗಾರರಿಗೆ ಅನುಮತಿ ಸಿಗತೊಡಗಿದ್ದು 2021ರಲ್ಲಿ. ಸಂಶೋಧನೆಯ ಅರ್ಜಿಗಳನ್ನು ಬೇಗ ವಿಲೇವಾರಿ ಮಾಡಬೇಕೆಂಬ ಕಾನೂನಿಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದ್ದು 2022ರ ಡಿಸೆಂಬರ್‌ನಲ್ಲಿ.

ಸಿಸ್ಲಿ ಅವರ ಅಧ್ಯಯನದ ಫಲಿತಾಂಶವನ್ನೂ ಹೇಳಿಬಿಡಬೇಕು, ಗಾಂಜಾ ಪರ ವಾದಿಸುವವರು ಅದನ್ನು ಹೇಳುವುದಿಲ್ಲ. 2021ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಗಾಂಜಾ ಸೇದಿದ ಸೈನಿಕರಿಗೂ ಅಮಲಿನ ಅಂಶವಿಲ್ಲದ್ದನ್ನು ಸೇದಿದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಂದದ್ದು ನಿರಾಸೆಯ ಉತ್ತರವಾದರೂ ಉತ್ತರವೇ. ಅದು ಹತ್ತು ವರ್ಷ ಮುಂಚೆ ಬಂದಿದ್ದರೆ ಎಷ್ಟೋ ಕುಟುಂಬಗಳ ದುಡ್ಡು, ಭರವಸೆ ಉಳಿಯುತ್ತಿತ್ತು.

ಇನ್ನೊಂದು ದಿಕ್ಕಿನ ಉತ್ತರವೂ ತಡವಾಗಿಯೇ ಬಂತು. 1980ರಲ್ಲಿ ಮೆಕೋಲಮ್ ಮತ್ತು ಬ್ರೆಜಿಲಿನ ವೈದ್ಯರು ಸೇರಿ ಮೂರ್ಛೆರೋಗದ ಸಣ್ಣ ಪ್ರಯೋಗವೊಂದನ್ನು ಪ್ರಕಟಿಸಿದರು. ಬೇರೆ ಔಷಧಕ್ಕೆ ಬಗ್ಗದ ರೋಗಿಗಳಲ್ಲಿ ಎಂಟು ಮಂದಿಗೆ ದಿನವೂ ಸಿಬಿಡಿ ಕೊಟ್ಟಿದ್ದರು. ನಾಲ್ವರಿಗೆ ಫಿಟ್ಸ್ ಹೆಚ್ಚುಕಡಿಮೆ ನಿಂತೇಹೋಯಿತು, ಮೂವರಿಗೆ ಅಷ್ಟಿಷ್ಟು ಗುಣ ಕಂಡಿತು. ಎಂಟೇ ಜನ ಎಂಬುದು ನಿಜ. ಹಾಗಿದ್ದರೆ ಎಂಬತ್ತು ಜನರ ಮೇಲೆ ನೋಡೋಣ ಎಂದು ಯಾರೂ ಮುಂದಾಗಲಿಲ್ಲ. ಮೂವತ್ತು ವರ್ಷ ಆ ಪ್ರಬಂಧ ಕಪಾಟಿನಲ್ಲಿ ಕೂತಿತು. ಆಮೇಲೆ ವಿಷಯವನ್ನು ಮುಂದಕ್ಕೆ ತಳ್ಳಿದವರು ವಿಜ್ಞಾನಿಗಳಿಗಿಂತ ತಾಯಂದಿರು. ಡ್ರಾವೆ ಸಿಂಡ್ರೋಮ್ ಎಂಬ ಕ್ರೂರ ಮೂರ್ಛೆರೋಗದಿಂದ ವಾರಕ್ಕೆ ನೂರಾರು ಬಾರಿ ಸೆಳೆತಕ್ಕೆ ಸಿಲುಕುತ್ತಿದ್ದ ಕೊಲೊರಾಡೊದ ಪುಟ್ಟ ಹುಡುಗಿಯೊಬ್ಬಳಿಗೆ ಸಿಬಿಡಿ ಎಣ್ಣೆಯಿಂದ ಗುಣ ಕಂಡ ಕಥೆಯನ್ನು 2013ರಲ್ಲಿ ಸಿಎನ್‌ಎನ್‌ನಲ್ಲಿ ಡಾ. ಸಂಜಯ್ ಗುಪ್ತಾ ತೋರಿಸಿದರು. ದೇಶದ ಮೂಲೆ ಮೂಲೆಗಳಿಂದ ಕುಟುಂಬಗಳು ಕೊಲೊರಾಡೊಗೆ ಗುಳೆ ಹೊರಟವು.

ಕಥೆ ಸಾಕ್ಷ್ಯವಾಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಡ್ರಾವೆ ಸಿಂಡ್ರೋಮ್ ಇದ್ದ 120 ಮಕ್ಕಳು ಮತ್ತು ಯುವಕರನ್ನು ಎರಡು ಗುಂಪು ಮಾಡಿ, ಯಾರಿಗೆ ಔಷಧ, ಯಾರಿಗೆ ಬರೀ ಸಿರಪ್ ಎಂದು ವೈದ್ಯರಿಗೂ ತಿಳಿಯದಂತೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಸಿಬಿಡಿ ಪಡೆದವರಲ್ಲಿ ತಿಂಗಳಿಗೆ ನಡುಮಟ್ಟದಲ್ಲಿ 12.4 ಇದ್ದ ಸೆಳೆತಗಳು 5.9ಕ್ಕೆ ಇಳಿದವು. ಬರೀ ಸಿರಪ್ ಪಡೆದವರಲ್ಲಿ 14.9 ಇದ್ದದ್ದು 14.1ಕ್ಕೆ ಬಂತು. ತೂಕಡಿಕೆ, ಭೇದಿ, ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು, ಇವೆಲ್ಲ ಅಡ್ಡಪರಿಣಾಮಗಳೂ ದಾಖಲಾದವು. 2018ರ ಜೂನ್‌ನಲ್ಲಿ ಎಫ್‌ಡಿಎ ಎಪಿಡಿಯೊಲೆಕ್ಸ್ ಎಂಬ ಹೆಸರಿನ ಆ ಔಷಧವನ್ನು ಒಪ್ಪಿತು. ಗಾಂಜಾ ಗಿಡದಿಂದಲೇ ಶುದ್ಧೀಕರಿಸಿದ ಔಷಧಕ್ಕೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ತಯಾರಿಸಿದ್ದು ಜಿಡಬ್ಲ್ಯೂ ಫಾರ್ಮಾ ಎಂಬ ಬ್ರಿಟಿಷ್ ಕಂಪನಿ. ಅವರಿಗೆ ಅಲ್ಲಿನ ಗೃಹ ಇಲಾಖೆ ಬೆಳೆಯುವ ಲೈಸೆನ್ಸ್ ಕೊಟ್ಟದ್ದು 1998ರಲ್ಲಿ. ಅನುಮತಿಯಿಂದ ಔಷಧಕ್ಕೆ ಸರಿಯಾಗಿ ಇಪ್ಪತ್ತು ವರ್ಷ. ಗಿಡಗಳು ಬೆಳೆದದ್ದು ನಾರ್ಫೋಕ್‌ನಲ್ಲಿ, ಸಕ್ಕರೆ ಕಂಪನಿಯೊಂದು ಅದುವರೆಗೆ ಟೊಮೆಟೊ ಬೆಳೆಯುತ್ತಿದ್ದ ಗಾಜಿನ ಮನೆಯಲ್ಲಿ.

ಬ್ರಿಟನ್ನಿಗೂ ತನ್ನದೇ ಆಷಾಢಭೂತಿತನವಿತ್ತು. 2016ರಲ್ಲಿ ಆ ದೇಶ 95 ಟನ್ ಕಾನೂನುಬದ್ಧ ಗಾಂಜಾ ಬೆಳೆದು ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿತ್ತು, ಆದರೆ ತನ್ನ ರೋಗಿಗಳಿಗೆ ಗಾಂಜಾ ಔಷಧಗಳನ್ನು ಬರೆಯಲು ತಜ್ಞ ವೈದ್ಯರಿಗೆ ದಾರಿ ತೆರೆದದ್ದು 2018ರ ನವೆಂಬರ್ 1ರಂದು. ಅದಕ್ಕೂ ಮೂರ್ಛೆರೋಗದ ಬಾಲಕನೊಬ್ಬನ ಗಾಂಜಾ ಎಣ್ಣೆಯ ಬಾಟಲಿಯನ್ನು ಲಂಡನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕಿತ್ತುಕೊಂಡದ್ದಕ್ಕೆ ದೇಶವೆಲ್ಲ ಛೀಮಾರಿ ಹಾಕಬೇಕಾಯಿತು.

ಈಗ ಭಾರತಕ್ಕೆ ಮರಳೋಣ. ಗಾಂಜಾದಿಂದ ಔಷಧ ಮಾಡಹೊರಟ ಸಂಶೋಧಕನಿಗೆ ಬೆಳೆಯಲು ರಾಜ್ಯದ ಅಬಕಾರಿ ಇಲಾಖೆ, ಮಾದಕ ಅಂಶ ಹೊರಗಿನಿಂದ ತರಿಸಲು ಗ್ವಾಲಿಯರ್‌ನ ನಾರ್ಕೋಟಿಕ್ಸ್ ಕಮಿಷನರ್, ರೋಗಿಗಳ ಮೇಲೆ ಪ್ರಯೋಗಿಸಲು ದೆಹಲಿಯ ಔಷಧ ನಿಯಂತ್ರಕರು, ಅದರ ಮೇಲೆ ಆಸ್ಪತ್ರೆಯ ನೈತಿಕ ಸಮಿತಿ. ಕೊನೆಯ ಎರಡು ಎಲ್ಲ ಹೊಸ ಔಷಧಕ್ಕೂ ಬೇಕು, ಬೇಕೇಬೇಕು. ಮೊದಲಿನ ಎರಡರಲ್ಲೇ ವರ್ಷಗಳು ಕರಗುತ್ತವೆ. ದಾಟಿದವರು ವಿರಳ. ಅವರಲ್ಲಿ ಎದ್ದು ಕಾಣುವುದು ಸಿಎಸ್‌ಐಆರ್‌ಗೆ ಸೇರಿದ ಜಮ್ಮುವಿನ ಐಐಐಎಂ ಸಂಶೋಧನಾ ಸಂಸ್ಥೆ. ಅಲ್ಲಿನ ಛಾಠಾ ಎಂಬಲ್ಲಿ ಕಾವಲಿನೊಳಗಿನ ತೋಟದಲ್ಲಿ ಗಿಡ ಬೆಳೆಸಿ, ಕ್ಯಾನ್ಸರ್ ನೋವು ಮತ್ತು ಮೂರ್ಛೆರೋಗಕ್ಕೆ ಔಷಧ ರೂಪಿಸುವ ಯೋಜನೆ ನಡೆದಿದೆ. ಒಂದು ಯೋಗಾಯೋಗ ನೋಡಿ. ಆ ಸಂಸ್ಥೆಯ ಬೀಜ ನೆಟ್ಟವರು ಕರ್ನಲ್ ರಾಮನಾಥ ಚೋಪ್ರಾ. ದೇಶದ ಗಾಂಜಾ ಬಳಕೆಯ ಬಗ್ಗೆ 1930ರ ದಶಕದಲ್ಲೇ ಊರೂರಿನ ಮಾಹಿತಿ ಕಲೆಹಾಕಿ ಬರೆದ ವೈದ್ಯ ಅವರು. ಅಜ್ಜ ಹಾಕಿದ ಪಾಯದ ಮೇಲೆ ಮೊಮ್ಮಕ್ಕಳು ಕೆಲಸ ಮಾಡಲು ಎಂಬತ್ತು ವರ್ಷ ಬೇಕಾಯಿತು.

ಪರೀಕ್ಷಿಸುವವನ ಪಾಡು ಇದು. ಮಾರುವವನದು? ಆಯುರ್ವೇದದಲ್ಲಿ ಗಾಂಜಾ ಗಿಡಕ್ಕೆ ‘ವಿಜಯಾ’ ಎಂಬ ಹೆಸರಿದೆ. ಗ್ರಹಣಿಗೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಭಂಗಿ ಸೇರುತ್ತದೆ. ಔಷಧ ನಿಯಮಗಳ ಇ(1) ಶೆಡ್ಯೂಲ್ ಭಂಗಿಯನ್ನು ವಿಷಯುಕ್ತ ದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಚೀಟಿ ಅಂಟಿಸಲು ಹೇಳುತ್ತದೆ. ಶಾಸ್ತ್ರಗ್ರಂಥಗಳಲ್ಲಿರುವ ಯೋಗಕ್ಕೆ ಹೊಸದಾಗಿ ರೋಗಿಗಳ ಮೇಲಿನ ಪ್ರಯೋಗ ಬೇಕಿಲ್ಲ. ಈ ಬಾಗಿಲಿನಿಂದ ನುಗ್ಗಿದ ಹತ್ತಾರು ಕಂಪನಿಗಳು ಇವತ್ತು ‘ವಿಜಯಾ ಎಲೆಯ ಸತ್ವ’ ಎಂದು ಎಣ್ಣೆ, ಗುಳಿಗೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿವೆ. ವಿಡಿಯೊ ಕರೆಯಲ್ಲಿ ವೈದ್ಯರೊಬ್ಬರು ಚೀಟಿ ಬರೆದರೆ ಮನೆ ಬಾಗಿಲಿಗೆ ಪೊಟ್ಟಣ. ನಿದ್ರೆಗೆ, ಬೆನ್ನುನೋವಿಗೆ, ಆತಂಕಕ್ಕೆ, ಮುಟ್ಟಿನ ನೋವಿಗೆ, ಒಂದೇ ಬಾಟಲಿ. ಇಂಥ ಔಷಧದ ಕ್ಲಿನಿಕ್ ಬೆಂಗಳೂರಿನ ಕೋರಮಂಗಲದಲ್ಲಿ 2020ರಲ್ಲೇ ತೆರೆದಿತ್ತು.

ಆಯುರ್ವೇದ ವೈದ್ಯನೊಬ್ಬ ಪರಂಪರೆಯ ಚೂರ್ಣವನ್ನು ಪರಂಪರೆಯ ಪ್ರಮಾಣದಲ್ಲಿ ಕೊಡುವುದಕ್ಕೂ, ಎಲೆಯ ಸತ್ವವನ್ನು ಗಾಢಗೊಳಿಸಿ ಟಿಎಚ್‌ಸಿ-ಸಿಬಿಡಿ ಅನುಪಾತವನ್ನು ಲೇಬಲ್ ಮೇಲೆ ಅಚ್ಚುಹಾಕಿ ಮಾರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಆಧುನಿಕ ಔಷಧ. ಅದಕ್ಕೆ ಆಧುನಿಕ ಪುರಾವೆಯೂ ಬೇಕು. ಪುರಾವೆ ತರಬಲ್ಲವನನ್ನು ಅಬಕಾರಿ ಕಚೇರಿಯ ಬೆಂಚಿನ ಮೇಲೆ ಕೂರಿಸಿ, ಪುರಾವೆ ಇಲ್ಲದವನಿಗೆ ಕೊರಿಯರ್ ಸೌಲಭ್ಯ ಕೊಟ್ಟಿರುವ ವ್ಯವಸ್ಥೆ ನಮ್ಮದು. ಕೊಲೊರಾಡೊದ ಅಂಗಡಿ ಮತ್ತು ಮಿಸಿಸಿಪಿಯ ತೋಟದ ತಮಾಷೆಯನ್ನು ನಾವು ನಮ್ಮದೇ ಶೈಲಿಯಲ್ಲಿ ಮರುಪ್ರದರ್ಶಿಸುತ್ತಿದ್ದೇವೆ.

ಇನ್ನು ಭಯದ ಮಾತು. ಸಂಶೋಧನೆಗೆ ಸಡಿಲ ಬಿಟ್ಟರೆ ಊರ ಹುಡುಗರು ಕೆಡುತ್ತಾರೆ ಎನ್ನುವವರ ಆತಂಕಕ್ಕೆ ನಗುವಂತಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ 3.1 ಕೋಟಿ ಭಾರತೀಯರು ಭಂಗಿಯನ್ನೋ ಗಾಂಜಾ-ಚರಸ್ಸನ್ನೋ ಸೇವಿಸಿದ್ದರು. ಗಾಂಜಾ-ಚರಸ್ ಬಳಸಿದವರೇ 1.3 ಕೋಟಿ. ಹದಿಹರೆಯದಲ್ಲಿ ಶುರುವಾದ, ದಿನವೂ ನಡೆವ, ಟಿಎಚ್‌ಸಿ ಹೆಚ್ಚಿರುವ ಗಾಂಜಾ ಸೇವನೆಗೂ ಚಿತ್ತವಿಕಲತೆಗೂ ನಂಟಿದೆ ಎಂಬುದಕ್ಕೆ ಗಟ್ಟಿ ಅಧ್ಯಯನಗಳಿವೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ಹೊರಗೆ ಕೂತ ಅಪ್ಪ-ಅಮ್ಮಂದಿರಿಗೆ ಆನಂದಮೈಡ್ ಕಥೆ ಹೇಳಿ ಸಮಾಧಾನ ಮಾಡಲಾಗದು. ಆದರೆ ಆ 1.3 ಕೋಟಿ ಜನ ಯಾವ ಪ್ರಯೋಗಾಲಯದ ಲೈಸೆನ್ಸಿನಿಂದಲೂ ಮಾಲು ಪಡೆದವರಲ್ಲ. ಬೀದಿಯ ಗಾಂಜಾದ ಅಪಾಯ ಅಳೆಯುವುದಕ್ಕೂ ಸಂಶೋಧಕನ ಕೈಗೆ ಗಾಂಜಾ ಸಿಗಬೇಕು. ಮಿಲಿಗ್ರಾಂ ಲೆಕ್ಕದಲ್ಲಿ ಬೀಗದೊಳಗಿಟ್ಟು ಬಳಸುವವನನ್ನು ತಡೆದು ಬೀದಿಯನ್ನು ಕಾಯುತ್ತೇವೆನ್ನುವುದು ಕೆರೆಯ ಏರಿ ಒಡೆದಿರುವಾಗ ಅಡುಗೆಮನೆಯ ನಲ್ಲಿ ಬಿಗಿ ಮಾಡಿದಂತೆ.

ನಾರಿಗೆಂದು ಗಾಂಜಾ ಗಿಡ (ಹೆಂಪ್) ಬೆಳೆಸಲು ಹೊರಟ ರಾಜ್ಯಗಳ ಅನುಭವ ಇನ್ನೊಂದು ಪಾಠ ಕಲಿಸುತ್ತದೆ. ಉತ್ತರಾಖಂಡ 2018ರಲ್ಲಿ ದೇಶದಲ್ಲೇ ಮೊದಲು ಲೈಸೆನ್ಸ್ ಕೊಟ್ಟಿತು, ಟಿಎಚ್‌ಸಿ ಶೇ 0.3 ಮೀರಬಾರದೆಂಬ ಷರತ್ತಿನೊಂದಿಗೆ. ಬೆಟ್ಟದ ನಾಟಿ ತಳಿಗೆ ಆ ಷರತ್ತು ಗೊತ್ತಿಲ್ಲ; ಅದರಲ್ಲಿ ಟಿಎಚ್‌ಸಿ ಅದಕ್ಕಿಂತ ಮೇಲೆಯೇ. ಈ 0.3 ಬಂದದ್ದಾದರೂ ಎಲ್ಲಿಂದ? 1970ರ ದಶಕದಲ್ಲಿ ಕೆನಡಾದ ಸಸ್ಯಶಾಸ್ತ್ರಜ್ಞ ಅರ್ನೆಸ್ಟ್ ಸ್ಮಾಲ್ ಗಿಡಗಳನ್ನು ವರ್ಗೀಕರಿಸಲು ಅನುಕೂಲಕ್ಕೆಂದು ಎಳೆದ ಗೆರೆ ಅದು. ಅದು ತಾನೇ ಯಾದೃಚ್ಛಿಕವಾಗಿ ಆರಿಸಿದ ಅಂಕಿ ಎಂದು ಅವರೇ ಬರೆದಿದ್ದಾರೆ. ಅಂಕಿ ಹಾರಿ ಹಾರಿ ಡೆಹ್ರಾಡೂನಿನ ಆದೇಶಕ್ಕೆ ಬಂದು ಕೂತಿತು, ಬೀಜ ಬರಲಿಲ್ಲ. ಹಿಮಾಚಲ ಪ್ರದೇಶ ಸ್ವಲ್ಪ ಜಾಣತನ ತೋರಿದೆ. ಸಚಿವ ಜಗತ್ ಸಿಂಗ್ ನೇಗಿ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ವಿಧಾನಸಭೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. 2025ರ ಜನವರಿಯಲ್ಲಿ ಸಂಪುಟ, ಪಾಲಂಪುರ ಮತ್ತು ನೌಣಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯಗಳು ಮೊದಲು ಬೆಳೆದು ನೋಡಲಿ ಎಂದು ಪ್ರಾಯೋಗಿಕ ಅಧ್ಯಯನಕ್ಕೆ ಅನುಮತಿ ಕೊಟ್ಟಿತು. ರೈತನ ಹೊಲಕ್ಕೆ ಮುಂಚೆ ವಿಶ್ವವಿದ್ಯಾಲಯದ ತಾಕು. ಕ್ರಮ ಹೀಗೇ ಇರಬೇಕು.

ಕರ್ನಾಟಕಕ್ಕೆ ಇದನ್ನು ಮಾಡಲು ಬೇಕಾದದ್ದೆಲ್ಲ ಬೆಂಗಳೂರು ಎಂಬ ಒಂದೇ ಊರಿನಲ್ಲಿದೆ. ಮೂರ್ಛೆರೋಗಕ್ಕೂ ವ್ಯಸನಕ್ಕೂ ನಿಮ್ಹಾನ್ಸ್, ಕ್ಯಾನ್ಸರ್ ನೋವಿಗೆ ಕಿದ್ವಾಯಿ, ಗಿಡಕ್ಕೆ ಜಿಕೆವಿಕೆ, ಅಣುವಿಗೆ ಭಾರತೀಯ ವಿಜ್ಞಾನ ಸಂಸ್ಥೆ. ಇವುಗಳಿಗೆ, ಇಂಥ ಸಾರ್ವಜನಿಕ ಸಂಸ್ಥೆಗಳಿಗೆ ಮಾತ್ರ, ಒಂದೇ ಅರ್ಜಿ, ಒಂದೇ ಕಿಟಕಿ, ನಿಗದಿತ ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ, ಇಲ್ಲವೆಂದರೆ ಕಾರಣ. ಬೇಲಿ, ಕ್ಯಾಮೆರಾ, ಗಿಡಗಿಡದ ಲೆಕ್ಕ, ಉಳಿದದ್ದನ್ನು ಸುಡುವಾಗ ಸಾಕ್ಷಿ, ಎಲ್ಲ ಕಟ್ಟುನಿಟ್ಟೂ ಇರಲಿ. ಪೊಲೀಸರು ಹಿಡಿದು ರಾಶಿ ಹಾಕಿ ಸುಡುವ ಗಾಂಜಾದಿಂದ ಮಾದರಿ ತೆಗೆದು ಟಿಎಚ್‌ಸಿ ಎಷ್ಟಿದೆ ಎಂದು ವರ್ಷವರ್ಷವೂ ಅಳೆದು ಪ್ರಕಟಿಸಿದರೆ ರಾಜ್ಯದ ಮನೋವೈದ್ಯರಿಗೆ ಅದೊಂದೇ ದೊಡ್ಡ ಉಪಕಾರ. ಇನ್ನೊಂದು ಕಡೆ, ಎಲೆಯ ಸತ್ವದ ಬಾಟಲಿಗಳ ಮೇಲೆ ರಾಜ್ಯದ ಆಯುಷ್ ಮತ್ತು ಔಷಧ ಅಧಿಕಾರಿಗಳು ಕಣ್ಣಿಡಲಿ, ಲೇಬಲ್ ಹೇಳುವಷ್ಟೇ ಒಳಗಿದೆಯೇ ಎಂದು ಅಂಗಡಿಯಿಂದಲೇ ಕೊಂಡು ಪರೀಕ್ಷಿಸಲಿ.

ರಾಳ ಬೇರ್ಪಡಿಸಿ ಔಷಧ ಮಾಡುವ ಹಂತ ಬಂದಾಗ ದೆಹಲಿ ತನ್ನ ಚರಸ್ಸಿನ ವ್ಯಾಖ್ಯೆಯನ್ನು ತಿದ್ದಬೇಕಾದೀತು. ಅದಕ್ಕೆ ಹಿಂಜರಿಯಲು ಕಾರಣವಿಲ್ಲ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ 27–25 ಮತಗಳಲ್ಲಿ ಕೈಬಿಟ್ಟಾಗ ಭಾರತ ಪರವಾಗಿಯೇ ಕೈಯೆತ್ತಿತ್ತು. ಗಿಡ ಬೆಳೆಸಿ, ಅಳೆದು, ನೋಡುವ ಮೊದಲ ಹಂತಕ್ಕಂತೂ ದೆಹಲಿಯ ದಾರಿ ಕಾಯಬೇಕಿಲ್ಲ. ಆ ಅಧಿಕಾರ 10ನೇ ಸೆಕ್ಷನ್ನಿನಡಿ ವಿಧಾನಸೌಧದ ಬಳಿ 1985ರಿಂದಲೂ ಇದೆ.